ಮಾರಿಯೋ ಕಲಿಸಿದ ಟೈಪಿಂಗ್, ಲುಯಿಜಿ ಕಲಿಸದ ಭೂಗೋಳ

ನಮ್ಮಕ್ಕ ಟೈಪಿಂಗ್ ಕಲಿತಿದ್ದು ಇನ್‌ಸ್ಟಿಟ್ಯೂಟಿನ ಕಟಕಟ ಮೆಷಿನ್ನಿನಲ್ಲಿ. ನಾನು ಕಲಿತಿದ್ದು ಮಾರಿಯೋ ಹತ್ತಿರ. ಹೌದು, ವಿಡಿಯೋ ಗೇಮಿನ ಅದೇ ದಪ್ಪ ಮೀಸೆ, ಕೆಂಪು ಟೋಪಿಯ ಮಾರಿಯೋ!

'ಮಾರಿಯೋ ಟೀಚಸ್ ಟೈಪಿಂಗ್' 1992ರಲ್ಲಿ ಬಂದ, ಡಾಸ್ ಅನ್ನೋ ಹಳೇ ಕಾಲದ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಓಡುವ ಗೇಮು. ಮಾಡಿದ್ದು ಇಂಟರ್‌ಪ್ಲೇ ಕಂಪನಿ. ನಮ್ಮನೆ ಕಂಪ್ಯೂಟರಿಗೆ ಬರುವಾಗ ಅದು ಆಗಲೇ ಹಳೇದಾಗಿತ್ತು. ಮಾರಿಯೋ ನಡೆದು ಬರುತ್ತಾನೆ, ಎದುರಿಗೆ ಇಟ್ಟಿಗೆ, ಅದರ ಮೇಲೊಂದು ಅಕ್ಷರ. ಸರಿಯಾದ ಕೀ ಒತ್ತಿದರೆ ಎಗರಿ ಗುದ್ದುತ್ತಾನೆ. ತಡ ಮಾಡಿದರೆ ಸುಮ್ನೆ ನಿಂತಿರುತ್ತಾನೆ ಪಾಪ, ನನ್ನಿಂದಾಗಿ. ಯಾವ ಅಕ್ಷರಕ್ಕೆ ಯಾವ ಬೆರಳು ಅಂತ ತೋರಿಸೋಕೆ ಕೆಳಗಡೆ ಎರಡು ಕೈಗಳ ಚಿತ್ರ. ಎಗರಬೇಕು ಅಂದರೆ ಟೈಪ್ ಮಾಡಲೇಬೇಕು. ಆಟ ಬೇರೆ, ಪಾಠ ಬೇರೆ ಅಂತ ಇರಲೇ ಇಲ್ಲ.

ಅದೇ ಧೈರ್ಯದಲ್ಲಿ ಎಷ್ಟೋ ವರ್ಷದ ಮೇಲೆ 1993ರ 'ಮಾರಿಯೋ ಈಸ್ ಮಿಸ್ಸಿಂಗ್' ಆಡಿ ನೋಡಿದೆ. ಕಥೆ ಭಲೇ ಮಜಾ. ಖಳನಾಯಕ ಬೌಸರ್ ಹೇರ್ ಡ್ರೈಯರ್ ಹಿಡಿದು ಅಂಟಾರ್ಕ್ಟಿಕಾದ ಹಿಮ ಕರಗಿಸೋಕೆ ಹೊರಟಿದ್ದಾನೆ! ಮಾರಿಯೋ ಸೆರೆ ಸಿಕ್ಕಿದ್ದಾನೆ, ತಮ್ಮ ಲುಯಿಜಿ ಊರೂರು ಸುತ್ತಿ ಕದ್ದ ಮಾಲು ವಾಪಸ್ ಕೊಡಬೇಕು. ಕೊಡುವ ಮುಂಚೆ ಆ ವಸ್ತುವಿನ ಬಗ್ಗೆ ಪ್ರಶ್ನೆ. ಅಂದರೆ ಕ್ವಿಜ್. ಟಿವಿಗೆ ಜೋಡಿಸಿ ಆಡುವ ಸೂಪರ್ ನಿಂಟೆಂಡೊ ಯಂತ್ರಕ್ಕೆ ಬಂದ ಇದೇ ಗೇಮಿನಲ್ಲಂತೂ ಊರಿನ ಬೀದಿಯಲ್ಲಿ ಬೌಸರನ ಆಮೆ ಎದುರಿಗೆ ಬಂದರೂ ಲುಯಿಜಿಗೆ ಏನೂ ಆಗುವುದಿಲ್ಲ. ಹೆದರಿಕೆಯೇ ಇಲ್ಲದ ಮೇಲೆ ಎಗರೋದು ಯಾಕೆ? ಅರ್ಧ ಗಂಟೆಗೆ ಆಕಳಿಕೆ ಬಂತು.

ಹಾಗಲಕಾಯಿಗೆ ಬೆಲ್ಲ, ಹುಣಸೆ ಹಾಕಿ ಕುದಿಸಿದರೆ ಗೊಜ್ಜು. ಹಾಗಲಕಾಯಿ ಪಕ್ಕ ಬೆಲ್ಲದಚ್ಚು ಇಟ್ಟರೆ ಯಾವ ಮಗು ಹಾಗಲಕಾಯಿ ಮುಟ್ಟುತ್ತೆ ಹೇಳಿ?

1996ರ 'ಸಾನಿಕ್ಸ್ ಸ್ಕೂಲ್‌ಹೌಸ್' ಇನ್ನೂ ಅನ್ಯಾಯ. ಗೇಮ್ ಲೋಕದ ನೀಲಿ ಹೀರೋ ಸಾನಿಕ್ ಅಂದ್ರೆ ಓಟ, ಅಲ್ವಾ? ಇಲ್ಲಿ ಅವನು ಮೇಷ್ಟ್ರು. ನೀವು ಬೇರೆ ಯಾವುದೋ ಪ್ರಾಣಿಯಾಗಿ ಶಾಲೆಯೊಳಗೆ ಅಡ್ಡಾಡಬೇಕು.

ಮಾರಿಯೋನನ್ನು ಹುಟ್ಟಿಸಿದ ನಿಂಟೆಂಡೊ ಕಂಪನಿ ತಾನೇ ಜಪಾನಿನಲ್ಲಿ 1983ರಲ್ಲೇ 'ಡಾಂಕಿ ಕಾಂಗ್ ಜೂನಿಯರ್ ಮ್ಯಾಥ್' ತಂದಿತ್ತು. ಮೇಲೆ ಅಪ್ಪ ಕಾಂಗ್ ಅನ್ನೋ ವಾನರ ಒಂದು ಸಂಖ್ಯೆ ತೋರಿಸುತ್ತಾನೆ. ಮರಿ ಕಾಂಗ್ ಬಳ್ಳಿ ಹತ್ತಿ ಅಂಕಿ, ಕೂಡು-ಕಳೆ ಚಿಹ್ನೆ ಆರಿಸಿಕೊಂಡು ಆ ಸಂಖ್ಯೆ ಮುಟ್ಟಬೇಕು. ಇದನ್ನು ಪೂರ್ತಿ ಬೈಯೋಕೆ ಮನಸ್ಸಿಲ್ಲ. ಲೆಕ್ಕವೂ ಆಟವೂ ಒಂದೇ ಬಳ್ಳಿಯಲ್ಲಿವೆ. ಆದರೆ ಲೆಕ್ಕ ತಲೆಯಲ್ಲಿ ಕ್ಷಣಕ್ಕೆ ಮುಗಿದಿರುತ್ತೆ, ಹತ್ತಿ ಇಳಿಯೋದೇ ಜಾಸ್ತಿ.

ಈಗ ಅಕ್ಕನ ಮಗಳ ಟ್ಯಾಬ್ ತುಂಬ ಕಾರ್ಟೂನ್ ಗೊಂಬೆಗಳ ಕಲಿಕೆ ಆ್ಯಪ್‌ಗಳು. ಮೊನ್ನೆ ಪಕ್ಕ ಕೂತು ನೋಡಿದೆ. ಗೊಂಬೆ ಕುಣಿಯುತ್ತೆ, ಪ್ರಶ್ನೆ ಬರುತ್ತೆ, ಮತ್ತೆ ಗೊಂಬೆ ಕುಣಿಯುತ್ತೆ. ಅವಳು ಪ್ರಶ್ನೆ ಓದೋದೇ ಇಲ್ಲ. ನಾಲ್ಕೂ ಉತ್ತರ ಸಾಲಾಗಿ ಒತ್ತುತ್ತಾಳೆ, ಒಂದಲ್ಲ ಒಂದು ಸರಿ ಇರುತ್ತಲ್ಲ.

"ಮಾಮ, ನಿಂಗೆ ಇದು ಗೊತ್ತಿರ್ಲಿಲ್ವಾ?" ಅಂದಳು.