ಬಂಕ್ ಚೀಟಿಯಲ್ಲಿ ಇಲ್ಲದ ಎರಡು ಸಾಲು

2025ರಲ್ಲಿ ಒಂದು ದಿನ ಬಂಕಿನಲ್ಲಿ ಕಂಡದ್ದು. ಸ್ಕೂಟರಿನವರೊಬ್ಬರು ಪೆಟ್ರೋಲ್ ಹಾಕುವ ಹುಡುಗನ ಮೇಲೆ ರೇಗುತ್ತಿದ್ದರು: "ಇನ್ನೂರು ಕೊಟ್ರೆ ಎರಡು ಲೀಟರೂ ಬರಲ್ವೇನಯ್ಯಾ?" ಲೀಟರಿಗೆ 102.92ರಂತೆ 1.94 ಲೀಟರ್ ಬಂದಿತ್ತು. ಹುಡುಗ ತಲೆ ತಗ್ಗಿಸಿಕೊಂಡು ಚೀಟಿ ಹರಿದು ಕೊಟ್ಟ. ಸಿಟ್ಟು ನ್ಯಾಯವಾದದ್ದೇ, ಆದರೆ ತಲುಪಬೇಕಾದ ಕಡೆ ತಲುಪಲಿಲ್ಲ. ಅದು ತಲುಪದಿರಲು ಕಾರಣ ಆ ಚೀಟಿ.

ಚೀಟಿ ಓದಿ ನೋಡಿ. ನಾಝಲ್ ನಂಬರ್, ಡೆನ್ಸಿಟಿ, ದರ, ಲೀಟರ್, ಮೊತ್ತ. ಮುಗಿಯಿತು. ದರ್ಶಿನಿಯಲ್ಲಿ ಕಾಫಿ ಕುಡಿದರೆ ಸಿಜಿಎಸ್‌ಟಿ (ಕೇಂದ್ರದ ಪಾಲು) ಎರಡೂವರೆ, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎರಡೂವರೆ ಶೇಕಡಾ ಅಂತ ಬಿಡಿಸಿ ಬರೆದ ಬಿಲ್ ಕೈಗೆ ಬರುತ್ತದೆ. ಆ ದಿನ ಪೆಟ್ರೋಲಿಗೆ ಕೊಟ್ಟ ದುಡ್ಡಿನಲ್ಲಿ ಶೇಕಡಾ 40ಕ್ಕೂ ಹೆಚ್ಚು ತೆರಿಗೆ, ಅದರ ಬಗ್ಗೆ ಒಂದು ಅಕ್ಷರವಿಲ್ಲ.

ಇರಬೇಕಾದ ಲೆಕ್ಕ ಇದು. 2025ರ ಏಪ್ರಿಲ್ 8ರಂದು ಕೇಂದ್ರದ ಅಬಕಾರಿ ಸುಂಕ ಲೀಟರಿಗೆ 21.90 ರೂಪಾಯಿ ಆಯಿತು. ಅದರಲ್ಲಿ ಮೂಲ ಸುಂಕ ಬರೀ 1.40. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ 13, ರಸ್ತೆ ಸೆಸ್ 5, ಕೃಷಿ ಸೆಸ್ 2.50. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಆ 1.40 ಮಾತ್ರ. ಅದರ ಶೇಕಡಾ 41 ಎಲ್ಲ ರಾಜ್ಯಗಳಿಗೂ ಸೇರಿ, ಅದರಲ್ಲಿ ಕರ್ನಾಟಕದ ಪಾಲು ಆಗ ಶೇಕಡಾ 3.647. ಗುಣಿಸಿ ನೋಡಿ, ಲೀಟರಿಗೆ ಎರಡು ಪೈಸೆ.

ಹಾಗಂತ ರಾಜ್ಯ ಸರ್ಕಾರದ ಕೈ ಶುದ್ಧವೇನಲ್ಲ. 2024ರ ಜೂನ್‌ನಲ್ಲಿ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿದರು, ಪೆಟ್ರೋಲಿಗೆ ಒಂದೇ ದಿನ ಮೂರು ರೂಪಾಯಿ ಏರಿತು. ಈ ತೆರಿಗೆ ಬೀಳುವುದು ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ, ಅಂದರೆ ತೆರಿಗೆಯ ಮೇಲೆ ತೆರಿಗೆ. 2025ರಲ್ಲಿ ಅದು ಲೀಟರಿಗೆ 22 ರೂಪಾಯಿಗೂ ಮೇಲಿತ್ತು. ಕೇಂದ್ರ ಸುಂಕ ಏರಿಸಿ ಬಂಕಿನ ದರವೂ ಏರಿತೆನ್ನಿ, ರಾಜ್ಯ ಬೆರಳೆತ್ತದೆಯೂ ಅದರ ಆದಾಯ ಹೆಚ್ಚುತ್ತದೆ.

"ಕಚ್ಚಾ ತೈಲ ದುಬಾರಿಯಾಯ್ತು, ಸರ್ಕಾರ ಏನು ಮಾಡತ್ತೆ" ಅನ್ನುವವರು ಬರುತ್ತಾರೆ. ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ, ಡಾಲರ್ ಎದುರು ರೂಪಾಯಿ ಇಳಿದರೂ ಹೊಡೆತ. ಅದೆಲ್ಲ ನಿಜ. ಆದರೆ ಒಂದು ಬ್ಯಾರೆಲ್ ಅಂದರೆ 159 ಲೀಟರ್. 2025ರ ಆ ದಿನಗಳಂತೆ ಬ್ಯಾರೆಲ್ಲಿಗೆ 65 ಡಾಲರ್, ಡಾಲರಿಗೆ 85 ರೂಪಾಯಿ ಹಿಡಿದರೆ ಲೀಟರ್ ಕಚ್ಚಾ ತೈಲಕ್ಕೆ 35 ರೂಪಾಯಿಯೂ ಆಗುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬ್ಯಾರೆಲ್ 20 ಡಾಲರಿನ ಆಸುಪಾಸಿಗೆ ಬಿದ್ದಿತ್ತು. ಬಂಕಿನಲ್ಲಿ ಇಳಿಯಿತೇ? ಮೇ ತಿಂಗಳಲ್ಲಿ ಸುಂಕವನ್ನು 32.98ಕ್ಕೆ ಏರಿಸಿ ಆ ಇಳಿಕೆಯನ್ನು ಖಜಾನೆಗೆ ಸೇರಿಸಿದರು. ಹೇಳಲಿಕ್ಕೆ 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ಆರಕ್ಕೆ ದರ ಪರಿಷ್ಕರಣೆ. ಆದರೆ 2021ರ ನವೆಂಬರ್‌ನಿಂದ ಉತ್ತರ ಪ್ರದೇಶವೂ ಸೇರಿ ಐದು ರಾಜ್ಯಗಳ ಚುನಾವಣೆ ಮುಗಿಯುವವರೆಗೆ ಎಣ್ಣೆ ಕಂಪನಿಗಳ ದರ ಅಲುಗಾಡಲಿಲ್ಲ, 2022ರ ಮಾರ್ಚ್ 22ರಿಂದ ಹೆಚ್ಚಿನ ದಿನ 80 ಪೈಸೆಯಂತೆ ಏರತೊಡಗಿತು. ಇದನ್ನೆಲ್ಲ ಬರೆಯುವಾಗ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದಿಲ್ಲ.

ಡೀಸೆಲ್ ಕಥೆ ಇನ್ನೂ ಕೆಟ್ಟದ್ದು. 2024ರ ಜೂನ್‌ವರೆಗೆ ಶೇಕಡಾ 14.34 ಇದ್ದ ರಾಜ್ಯದ ತೆರಿಗೆ 2025ರ ಏಪ್ರಿಲ್ ಹೊತ್ತಿಗೆ 21.17. ಲೋಡ್ ಹೊತ್ತ ಹತ್ತು ಚಕ್ರದ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನೂರು ಲೀಟರ್ ಬೇಕು. ಡೀಸೆಲ್ ಜಿಎಸ್‌ಟಿಯೊಳಗೆ ಇಲ್ಲವಾದ್ದರಿಂದ ಅದರ ಮೇಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಟ್ಟ ತೆರಿಗೆಯನ್ನು ಮುಂದೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಹಾಗಾಗಿ ಅದು ಬಾಡಿಗೆಯೊಳಗೆ ಸೇರುತ್ತದೆ. ಡೀಸೆಲ್ಲಿನಲ್ಲಿ ರಸ್ತೆ ಸೆಸ್ ಕೊಟ್ಟ ಲಾರಿಯವನೇ ಮತ್ತೆ ಟೋಲ್ ಕಟ್ಟಬೇಕು, ಅದೂ ಬಾಡಿಗೆಗೇ.

ಕೋಲಾರದ ಮಂಡಿಯಲ್ಲಿ ಟೊಮ್ಯಾಟೊ ಬಾಕ್ಸ್ ಅಂದರೆ 15 ಕೆಜಿ. ಕೆಜಿಗೆ ಐವತ್ತಿರಲಿ, ಐದಿರಲಿ, ಬಾಕ್ಸಿನ ಬಾಡಿಗೆ ಅಷ್ಟೇ. ಕೆಜಿಗೆ ಐದಕ್ಕೆ ಬಿದ್ದ ದಿನ ಬಾಕ್ಸಿಗೆ ಸಿಗುವುದು 75 ರೂಪಾಯಿ. ಬಾಡಿಗೆ, ಕೂಲಿ, ಕಮಿಷನ್ ಎಲ್ಲ ಅದರೊಳಗೇ ಕಳೆಯಬೇಕು. ಪೇಟೆಯವರಿಗೆ ಡೀಸೆಲ್ ದರ ತರಕಾರಿಯ ರೇಟಿನಲ್ಲಿ ಕಾಣುತ್ತದೆ. ರೈತ ಅದನ್ನು ಕೈಗೆ ಬಾರದ ದುಡ್ಡಿನಲ್ಲಿ ಲೆಕ್ಕ ಹಾಕುತ್ತಾನೆ.

"ತೆರಿಗೆ ವಿವರ ಎಣ್ಣೆ ಕಂಪನಿಗಳ ವೆಬ್‌ಸೈಟಿನಲ್ಲಿ ಇದೆಯಲ್ಲ" ಅನ್ನುತ್ತಾರೆ. ಇದೆ, ದೆಹಲಿಯ ದರಕ್ಕೆ. ಸಾಲಿನಲ್ಲಿ ನಿಂತ ಸ್ಕೂಟರಿನವರಿಗೆ ಅದರಿಂದ ಏನು ಉಪಯೋಗ? ಇನ್ನು ಮೆಷಿನ್ನಿಗೆ ಕಷ್ಟ ಅನ್ನುವ ಮಾತು ಬೇಡ. ಹೊಸ ದರ ಬೆಳಿಗ್ಗೆ ಆರಕ್ಕೆ ಬಂಕಿಗೆ ಬರುತ್ತದಲ್ಲ, ಅದರ ಜೊತೆಗೇ ಇನ್ನೆರಡು ಅಂಕಿ ಕಳಿಸಿದರಾಯಿತು. ತೆರಿಗೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಆಸ್ಪತ್ರೆ, ಶಾಲೆ ನಡೆಯುವುದು ಅದರಿಂದಲೇ. ತೆಗೆದುಕೊಂಡದ್ದನ್ನು ಬರೆದು ಕೊಡಿ ಅಂತಷ್ಟೇ ಕೇಳುತ್ತಿರುವುದು. ಟಿವಿಯಲ್ಲಿ ಎರಡೂ ಪಕ್ಷದವರು ಪರಸ್ಪರ ಬೆರಳು ತೋರಿಸಲು ಸಾಧ್ಯವಾಗಿರುವುದು ಜನರ ಕೈಯಲ್ಲಿ ಅಂಕಿ ಇಲ್ಲದ್ದಕ್ಕೆ.

ಆ ದಿನದ ಇನ್ನೂರು ರೂಪಾಯಿಯ ಚೀಟಿಯಲ್ಲಿ ಇಷ್ಟು ಇರಬೇಕಿತ್ತು: ಕೇಂದ್ರಕ್ಕೆ 42 ರೂಪಾಯಿ 56 ಪೈಸೆ. ರಾಜ್ಯಕ್ಕೆ 43 ರೂಪಾಯಿಗೂ ಮೇಲೆ, ಪೈಸೆ ಸಮೇತ. ಇದನ್ನು ಓದಿದ್ದರೆ ಅವರು ಆ ಹುಡುಗನ ಮೇಲೆ ರೇಗುತ್ತಿರಲಿಲ್ಲ.