ಸ್ಟಾರ್ಟರ್ ಬಿಚ್ಚುವ ಮೊದಲು ಅರ್ತ್ ಕೇಬಲ್ ನೋಡಿ
ಕಾರಿನ ಕೀ ತಿರುಗಿಸಿದಾಗ ಟಕ್ ಅಂತ ಒಂದೇ ಸದ್ದು ಬಂದು ಇಂಜಿನ್ ತಿರುಗದಿದ್ದರೆ ಸ್ಟಾರ್ಟರ್ ಮೋಟಾರ್ (ಇಂಜಿನ್ ಶುರು ಮಾಡಲು ಅದನ್ನು ತಿರುಗಿಸುವ ಮೋಟಾರ್) ಹೋಗಿದೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಬೇಗ ತೀರ್ಮಾನ ಬೇಡ. ನನ್ನ ಕಾರಿನಲ್ಲೂ ಹೀಗೇ ಆಗಿತ್ತು, ಬ್ಯಾಟರಿ ಹೊಸದು, ವೋಲ್ಟ್ ಮೀಟರ್ ಇಟ್ಟರೆ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್ ತೋರಿಸುತ್ತಿತ್ತು, ಹಾಗಾಗಿ ಮೆಕ್ಯಾನಿಕ್ ಸ್ಟಾರ್ಟರನ್ನೇ ಬದಲಿಸಿಬಿಟ್ಟರು, ಆದರೂ ಅದೇ ಟಕ್. ಕೊನೆಗೆ ನೋಡಿದರೆ ಬ್ಯಾಟರಿಯ ಮೈನಸ್‌ನಿಂದ ಇಂಜಿನ್‌ಗೆ ಹೋಗುವ ಅರ್ತ್ ಕೇಬಲ್‌ನ ತುದಿ ಒಳಗೊಳಗೇ ಕಿಲುಬು ಹಿಡಿದಿತ್ತು! ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ.

ಸುಮ್ನೆ ನಿಂತ ಕಾರಿನ ವೋಲ್ಟೇಜ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಸ್ಟಾರ್ಟರ್ 100 ಆಂಪಿಯರ್‌ಗಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ, ಕೆಟ್ಟ ಜಾಯಿಂಟ್ ಸಿಕ್ಕಿಬೀಳುವುದು ಆಗಲೇ. ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಒಂದು ವೈರನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಇಂಜಿನ್‌ನ ಬರಿ ಲೋಹಕ್ಕೂ ಇಟ್ಟು, ಬೇರೆಯವರಿಗೆ ಕೀ ತಿರುಗಿಸಲು ಹೇಳಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ತ್ ಸರಿಯಿಲ್ಲ. ಮೀಟರನ್ನು ಬ್ಯಾಟರಿಯ ಪ್ಲಸ್‌ಗೂ ಸ್ಟಾರ್ಟರಿನ ಪ್ಲಸ್ ತುದಿಗೂ ಇಟ್ಟು ಪ್ಲಸ್ ಕೇಬಲ್ ಕೂಡ ಹೀಗೇ ನೋಡಬಹುದು.

ಟಕಟಕಟಕ ಅಂತ ಬೇಗಬೇಗ ಸದ್ದು ಬಂದರೆ ಮಾತ್ರ ಹೆಚ್ಚಾಗಿ ಬ್ಯಾಟರಿಯೇ ಇಳಿದಿರುತ್ತದೆ. ಸದ್ದೇ ಇಲ್ಲದಿದ್ದರೆ ರಿಲೇ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್), ಫ್ಯೂಸ್, ಕ್ಲಚ್ ಸ್ವಿಚ್ (ಕ್ಲಚ್ ಒತ್ತಿದರೆ ಮಾತ್ರ ಸ್ಟಾರ್ಟ್ ಆಗಲು ಬಿಡುವುದು) ಕಡೆ ನೋಡಬೇಕು, ಅಲ್ವಾ? ದಯವಿಟ್ಟು ಇದನ್ನೂ ಲೇಖನಕ್ಕೆ ಸೇರಿಸಿ.