ಡಬ್ಬಾ ಟಿವಿಗೆ ರಾಜಯೋಗ

ಒಸಾಕಾದ ನೂಡಲ್ಸ್ ಹೋಟೆಲಿನ ಟಿವಿ ಕಥೆ ನಿಮ್ಮ ಮೊಬೈಲಿಗೂ ಬಂದೇ ಇರುತ್ತದೆ. ಅದೇ, ಸೋನಿ ಕಂಪನಿಯ 43 ಇಂಚಿನ ಡಬ್ಬಾ ಟಿವಿ, ಅಂದರೆ ಬೆನ್ನು ಉಬ್ಬಿದ ಹಳೇ ಪಿಕ್ಚರ್ ಟ್ಯೂಬ್ ಟಿವಿ. 1989ರ ಮಾಲು. ಸುಮಾರು 200 ಕಿಲೋ ತೂಕ. ಕಟ್ಟಡ ಕೆಡವುತ್ತಾರೆ ಎಂದು ಗೊತ್ತಾದದ್ದೇ ತಡ, ಅಮೆರಿಕದ ಅಭಿಮಾನಿಗಳು ಅದನ್ನು ಮಹಡಿಯಿಂದ ಇಳಿಸಿ, ಸಮುದ್ರ ದಾಟಿಸಿ ತಮ್ಮ ಊರಿಗೆ ತಂದುಕೊಂಡರು. ನೋಡಿದವರೆಲ್ಲ ಕಣ್ಣು ಒರೆಸಿಕೊಂಡರು. ನಮ್ಮಲ್ಲಿ ಅಜ್ಜನನ್ನು ಆಸ್ಪತ್ರೆಯಿಂದ ಮನೆಗೆ ತರುವಾಗಲೂ ಇಷ್ಟು ಜನ ಕೈ ಕೊಡುವುದಿಲ್ಲ.

ಈಗ ಆ ಗಾಳಿ ದಾವಣಗೆರೆಗೂ ಬೀಸಿದೆ. ವಿದ್ಯಾನಗರದ ಕಡೆಯ ಹುಡುಗರು ಭಾನುವಾರ ಬಂತೆಂದರೆ ಗುಜರಿ ಅಂಗಡಿ ಸುತ್ತುತ್ತಾರೆ. "ಅಣ್ಣಾ, ಟ್ರಿನಿಟ್ರಾನ್ ಇದೆಯಾ?" ಎಂದು ಸೋನಿಯ ಹಳೇ ಪಿಕ್ಚರ್ ಟ್ಯೂಬಿನ ಹೆಸರು ಹಿಡಿದು ಕೇಳುತ್ತಾರೆ. "ಅದ್ಯಾವ್ದೋ ಗೊತ್ತಿಲ್ಲಪ್ಪ, ಫ್ರಿಜ್ಜಿನ ಮೋಟರ್ ಇದೆ, ಕೊಡ್ಲಾ?" ಎನ್ನುತ್ತಾನೆ ಅವನು. ಆದರೆ ಗುಜರಿಯವನೂ ಪೆದ್ದನಲ್ಲ. ಎರಡು ಸಲ ಯಾರಾದರೂ ಕೇಳಿದರು ಎಂದರೆ ಮೂರನೆಯವನಿಗೆ ರೇಟು ಏರಿರುತ್ತದೆ. ಇದೇ ಟಿವಿಯನ್ನು ಎಲ್‌ಇಡಿಗೆ ಎಕ್ಸ್‌ಚೇಂಜ್ ಕೊಟ್ಟಾಗ ನಮಗೆ ಸಿಕ್ಕಿದ್ದೆಷ್ಟು? ಮನೆಮಂದಿಯೆಲ್ಲ ಹೋಗಿ ಬೆಣ್ಣೆ ದೋಸೆ ತಿಂದು ಬಂದರೆ ಮುಗಿಯುವಷ್ಟು. ಅದೂ ಎಕ್ಸ್‌ಟ್ರಾ ಬೆಣ್ಣೆ ಕೇಳಿದರೆ ಸಾಲುತ್ತಿರಲಿಲ್ಲ.

ಡಬ್ಬಾ ಟಿವಿಯ ಚಿತ್ರ ಬೆಚ್ಚಗಿರುತ್ತದಂತೆ. ಇರಲೇಬೇಕಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದನ್ನು ಹಚ್ಚಿಕೊಂಡು ಕೂತರೆ ಇಡೀ ರೂಮು ಮಂಡಕ್ಕಿ ಭಟ್ಟಿಯಾಗುತ್ತಿತ್ತು. ಅದರಿಂದ ನಿಜವಾಗಿ ಸುಖಪಟ್ಟದ್ದು ಮೇಲೆ ಮಲಗುತ್ತಿದ್ದ ಬೆಕ್ಕು ಒಂದೇ.

ಹುಡುಗರು ಹೇಳುವುದೆಲ್ಲ ಸುಳ್ಳು ಅನ್ನಲಾರೆ. ಟ್ಯೂಬಿನ ಹಿಂತುದಿಯ ಎಲೆಕ್ಟ್ರಾನ್ ಗನ್ನಿನಿಂದ ಎಲೆಕ್ಟ್ರಾನುಗಳು ಹೊರಟು, ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಪುಡಿಗೆ ಬಡಿದು, ಬಡಿದಲ್ಲಿ ಬೆಳಕು ಹೊತ್ತಿ ಕೂಡಲೇ ಆರುತ್ತದೆ. ನಮ್ಮ ಟಿವಿಗಳಲ್ಲಿ 625 ಗೆರೆ. ಮೊದಲು ಬೆಸ ಗೆರೆ, ಆಮೇಲೆ ಸಮ ಗೆರೆ, ಹೀಗೆ ಸೆಕೆಂಡಿಗೆ 50 ಸಲ ಅರ್ಧರ್ಧ ಚಿತ್ರ. ಬೆಳಕು ಆರಿ ಹೊತ್ತುವುದರಿಂದ ಓಡುವ ಚೆಂಡು ಕಲಸಿಹೋಗುವುದಿಲ್ಲ. ಗೇಮ್ ಆಡುವವನು ಬಟನ್ ಒತ್ತಿದರೆ ತೆರೆ ಕಾಯಿಸುವುದೂ ಇಲ್ಲ. ಬಾತುಕೋಳಿಗೆ ಗುಂಡು ಹೊಡೆಯುವ ಆಟ ಇತ್ತಲ್ಲ, ಆ ಪ್ಲಾಸ್ಟಿಕ್ ಗನ್ನು ಎಲ್‌ಇಡಿ ಮುಂದೆ ಕೆಲಸವನ್ನೇ ಮಾಡುವುದಿಲ್ಲ. ಹಳೇ ತೆರೆಯ ಬೆಳಕು ಯಾವ ಕ್ಷಣಕ್ಕೆ ಹೊತ್ತುತ್ತದೆ ಎಂಬ ಲೆಕ್ಕದ ಮೇಲೆಯೇ ಅದು ನಡೆಯುತ್ತಿತ್ತು. ಕ್ಯಾಸೆಟ್ಟಿನ ಮೇಲೆ 9999 ಆಟ ಎಂದು ಬರೆದು ಒಳಗೆ ನಾಲ್ಕೈದನ್ನೇ ತಿರುಗಿಸಿ ಮುರುಗಿಸಿ ತುಂಬಿರುತ್ತಿದ್ದರು. ಆ ಮೋಸದ ಬಗ್ಗೆ ಯಾಕೋ ಯಾರಿಗೂ ಹಳೇ ನೆನಪು ಉಕ್ಕುವುದಿಲ್ಲ.

ಗುಜರಿ ಸುತ್ತಲು ಮನಸ್ಸಿಲ್ಲದವರಿಗೆ ಬೇರೆ ದಾರಿ ಇದೆ. ಲಕ್ಷ ರೂಪಾಯಿ ಕೊಟ್ಟು 4ಕೆ ಓಎಲ್‌ಇಡಿ ಟಿವಿ ತರುತ್ತಾರೆ. ಕನ್ನಡಿಯಷ್ಟು ಸ್ವಚ್ಛವಾದ ಚಿತ್ರ. ತಂದ ಮೇಲೆ ಅದರಲ್ಲಿ ಚಿತ್ರ ಹಳೇ ಡಬ್ಬಾ ಟಿವಿಯದರಂತೆ ಕಾಣಲಿ ಎಂದು ಒಂದು ಸಾಫ್ಟ್‌ವೇರ್ ಫಿಲ್ಟರ್ ಹಾಕುತ್ತಾರೆ. ಫಿಲ್ಟರಿನ ಕೆಲಸ ಏನು? ಚಿತ್ರದ ಮೇಲೆ ಗೆರೆ ಎಳೆಯುವುದು, ಬಣ್ಣ ಸ್ವಲ್ಪ ಸೋರುವಂತೆ ಮಾಡುವುದು, ಮೂಲೆಗಳನ್ನು ಬಾಗಿಸುವುದು. ತೆರೆ ಚೆನ್ನಾಗಿದ್ದಷ್ಟೂ ದೋಷ ಚೆನ್ನಾಗಿ ಮೂಡುತ್ತದಂತೆ!

ಇದೇ ಸುಖ ನಮಗೆ ಆಗ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತಿತ್ತು. ಕಪ್ಪು ಬಿಳುಪು ಟಿವಿ ಮುಂದೆ ನೇತುಹಾಕುವ ಬಣ್ಣದ ಪ್ಲಾಸ್ಟಿಕ್ ಹಾಳೆ ನೆನಪಿದೆಯಾ? ಮೇಲೆ ನೀಲಿ, ನಡುವೆ ಕೆಂಪೋ ಹಳದಿಯೋ, ಕೆಳಗೆ ಹಸಿರು. ಆಕಾಶ, ಮನುಷ್ಯ, ಹುಲ್ಲು ಅಂತ ಲೆಕ್ಕ. ಕ್ರಿಕೆಟ್ ಇದ್ದ ದಿನ ಲೆಕ್ಕ ಸರಿಹೋಗುತ್ತಿತ್ತು. ಮಿಕ್ಕ ದಿನ ವಾರ್ತೆ ಓದುವವರ ಹಣೆ ನೀಲಿ, ಮೂಗು ಕೆಂಪು, ಗದ್ದ ಹಸಿರು. ಪ್ರಧಾನಿಯೂ ಹಾಗೇ, ವಿರೋಧ ಪಕ್ಷದವರೂ ಹಾಗೇ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೇಶಕ್ಕೆ ಕಲರ್ ಟಿವಿ ಬಂತು ಎನ್ನುತ್ತಾರೆ. ನಮ್ಮ ಓಣಿಗೆ ಕಲರ್ ಬಂದದ್ದು ಈ ಹಾಳೆಯ ರೂಪದಲ್ಲಿ. ಅತಿಥಿಗಳು ಬಂದಾಗ ಅದನ್ನು ಒರೆಸಿ ಹಾಕುತ್ತಿದ್ದರು.

ಇನ್ನು ಡಬ್ಬಾ ಟಿವಿ ಹಚ್ಚಿದಾಗ ಬರುವ ಆ "ಕುಂಯ್" ಸದ್ದು. ಅದಿಲ್ಲದೆ ಟಿವಿ ನೋಡಿದ ಹಾಗೇ ಆಗಲ್ಲ ಅನ್ನುವ ಹಿರಿಯರಿದ್ದಾರೆ. ಆ ಸದ್ದು 15,625 ಹರ್ಟ್ಸ್. 60 ದಾಟಿದ ಕಿವಿಗೆ ಅದು ಮುಟ್ಟುವುದೇ ಅಪರೂಪ. ಟಿವಿ ಹುಡುಕಿ ತಂದು ಹಚ್ಚಿದರೆ ಅಜ್ಜ ಸುಮ್ನೆ ತಲೆ ಆಡಿಸುತ್ತಾನೆ, ಮೊಮ್ಮಗ ಕಿವಿ ಮುಚ್ಚಿಕೊಂಡು ಓಡುತ್ತಾನೆ.

ಮಾನಿಟರಿನ ಅಭಿಮಾನಿಗಳು ಬೇರೆಯೇ ಜಾತಿ. ಸೋನಿಯ ಎಫ್‌ಡಬ್ಲ್ಯು900 ಎಂಬ 24 ಇಂಚಿನ ಅಗಲ ಮಾನಿಟರಿಗೆ ಹೊರದೇಶದಲ್ಲಿ ಸಾವಿರಾರು ಡಾಲರ್ ಸುರಿಯುತ್ತಾರೆ. ನಮ್ಮ ಜನರಿಗೆ ಈ ಮೋಹ ಅಷ್ಟಾಗಿ ಹತ್ತಲಿಲ್ಲ. ಕಾರಣ ಸರಳ. ಕಚೇರಿಗಳಲ್ಲಿ ಆ ಮಾನಿಟರಿನ ಮುಖ ಸಾಹೇಬರ ಕಡೆಗಿತ್ತು. ನಾವು ಇಷ್ಟು ವರ್ಷ ನೋಡಿದ್ದು ಅದರ ಬೆನ್ನು. ಧೂಳು ಕೂತ ಗಾಳಿಕಿಂಡಿ, ಅದರ ಮೇಲೊಂದು ಫೈಲು, ಫೈಲಿನ ಮೇಲೆ ಅರ್ಧ ಕುಡಿದ ಟೀ ಲೋಟ. ಮುಂದಿನ ಕಡೆ ಏನು ನಡೆಯುತ್ತಿತ್ತೋ ದೇವರಿಗೇ ಗೊತ್ತು. ಹಿಂದಿನ ಕಡೆ "ಸರ್ವರ್ ಡೌನ್" ಎಂದು ಬಾಯಿಮಾತಿನಲ್ಲಿ ಹೇಳುತ್ತಿದ್ದರು.

ಎಲ್ಲರೂ ಹಾಡುವ ಹಾಡು ಇನ್ನೊಂದಿದೆ. "ಆಗ ಇಡೀ ಓಣಿ ಒಟ್ಟಿಗೆ ಕೂತು ರಾಮಾಯಣ ನೋಡ್ತಿತ್ತು." 1987-88ರ ಭಾನುವಾರದ ಬೆಳಗು, ಅಂಗಳದ ತುಂಬ ಚಪ್ಪಲಿ, ಟಿವಿಗೆ ಹೂವಿನ ಹಾರ. ನಿಜ. ಆದರೆ ಒಳಗೆ ಕೂತವರು ಯಾರು, ಕಿಟಕಿಯ ಸರಳು ಹಿಡಿದು ಹೊರಗೇ ನಿಂತವರು ಯಾರು ಅಂತ ಆ ಓಣಿಯವರಿಗೆ ಚೆನ್ನಾಗಿ ಗೊತ್ತು. ಒಳಗಿನವರಿಗೆ ಸೆಖೆ ಆದರೆ ಕಿಟಕಿಯಿಂದ ಸರಿಯಿರಿ ಎಂದು ಗದರುತ್ತಿದ್ದರು. ಪುಣ್ಯ ಬಂದದ್ದು ಯಾರಿಗೆ ಎಂಬುದನ್ನು ರಾಮನೇ ಹೇಳಬೇಕು. ಒಟ್ಟಿಗೆ ಕೂತಿದ್ದೆವು ಎನ್ನುವವರೆಲ್ಲ ಒಳಗೆ ಕೂತಿದ್ದವರೇ. ಹೊರಗೆ ನಿಂತವರು ಈಗ ಅವರವರ ಮೊಬೈಲಿನಲ್ಲಿ ಅವರಿಗೆ ಬೇಕಾದ್ದು ನೋಡುತ್ತಿದ್ದಾರೆ. ಅವರಿಗೆ ಆ ಕಾಲ ಮತ್ತೆ ಬೇಡ.

ಮೆಕ್ಯಾನಿಕ್ ವಿಷಯಕ್ಕೆ ಬರೋಣ. ಟ್ಯೂಬಿನ ಅನೋಡಿನಲ್ಲಿ 25 ಸಾವಿರ ವೋಲ್ಟಿನ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗೆ ಕೂತಿರುತ್ತದೆ. ಸ್ಕ್ರೂಡ್ರೈವರಿಗೆ ವೈರು ಕಟ್ಟಿ, ರಬ್ಬರ್ ಟೋಪಿಯ ಕೆಳಗೆ ತೂರಿಸಿ, "ಚಟ್" ಅನ್ನಿಸಿ ಇಳಿಸಿದ ಮೇಲೆ ಕೈ ಹಾಕಬೇಕು. ಎಲ್‌ಓಟಿ (ಆ ಹೈ ವೋಲ್ಟೇಜ್ ಹುಟ್ಟಿಸುವ ಟ್ರಾನ್ಸ್‌ಫಾರ್ಮರ್) ಹೋಗಿದೆಯೋ, ಐಸಿ ಹೋಗಿದೆಯೋ, ಬರೀ ಡ್ರೈ ಸೋಲ್ಡರೋ (ಬೆಸುಗೆ ಬಿಟ್ಟಿದೆಯೋ) ಅಂತ ವಾಸನೆಯಲ್ಲೇ ಹೇಳುವವರು ಮಂಡಿಪೇಟೆ, ಅಶೋಕ ರಸ್ತೆಯ ಸಣ್ಣ ಅಂಗಡಿಗಳಲ್ಲಿ ಇದ್ದರು. ಡಬ್ಬಾ ಹೋಯಿತು, ಅವರ ಅಂಗಡಿಯೂ ಹೋಯಿತು. ಅಂಥ ಒಬ್ಬರು ಈಗ ಮೊಬೈಲಿಗೆ ಗಾಜು ಅಂಟಿಸುತ್ತಾರೆ. ಹುಡುಗರು ಅವರನ್ನೂ ಹುಡುಕಿ ಹಿಡಿದರು. "ಅಂಕಲ್, ನೀವು ಲೆಜೆಂಡ್" ಎಂದು ಸೆಲ್ಫಿ ತೆಗೆದುಕೊಂಡರು. ಕೆಪಾಸಿಟರ್ ಎಲ್ಲ ಬದಲಿಸಿ ಟಿವಿ ಎಬ್ಬಿಸಿಕೊಟ್ಟದ್ದಕ್ಕೆ 200 ರೂಪಾಯಿ ಚಾಚಿದರು. "ಲೆಜೆಂಡ್ ಅಂದ್ರೆ ರೇಟ್ ಕಡಿಮೆ ಏನಪ್ಪಾ?" ಎಂದರಂತೆ ಅವರು.

ನಗು ಸಾಕು. ಅಭಿಮಾನಿ ಬೇಡ ಅಂದ ಟಿವಿ ಏನಾಗುತ್ತದೆ ಗೊತ್ತಾ? ಕುತ್ತಿಗೆಯ ಸುತ್ತ ತಾಮ್ರದ ಕಾಯಿಲ್ ಇರುತ್ತದೆ. ಅದಕ್ಕಾಗಿ ಯಾವುದೋ ಖಾಲಿ ಸೈಟಿನಲ್ಲಿ ಹುಡುಗನೊಬ್ಬ ಸುತ್ತಿಗೆಯಿಂದ ಟ್ಯೂಬ್ ಒಡೆಯುತ್ತಾನೆ. ಕೈಗೆ ಗವಸಿಲ್ಲ, ಮುಖಕ್ಕೆ ಬಟ್ಟೆಯಿಲ್ಲ. ಎಕ್ಸ್‌ರೇ ಹೊರಗೆ ಬರದಿರಲಿ ಎಂದು ಆ ಗಾಜಿಗೆ ಸೀಸ ಬೆರೆಸಿರುತ್ತಾರೆ. ಒಂದೊಂದು ಟ್ಯೂಬಿನಲ್ಲಿ ಕಿಲೋ ಲೆಕ್ಕದ ಸೀಸ. ಟಿವಿ ಮುಂದೆ ಕೂತವರ ಮೈ ಕಾಯಲು ಹಾಕಿದ ವಿಷ ಟಿವಿ ಒಡೆಯುವವನ ಮೈಗೆ. ಇ-ತ್ಯಾಜ್ಯದ ನಿಯಮ 2012ರ ಮೇ ತಿಂಗಳಲ್ಲೇ ಜಾರಿಗೆ ಬಂತು, ಹೊಸ ನಿಯಮ 2023ರ ಏಪ್ರಿಲಿನಲ್ಲಿ ಬಂತು. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ಊರುಗಳ ಪಟ್ಟಿಯಲ್ಲೇ ನಮ್ಮೂರೂ ಇತ್ತು. ಆ ಹುಡುಗನಿಗೆ ಒಂದು ಜೊತೆ ಗವಸು ಇವತ್ತಿಗೂ ಬಂದಿಲ್ಲ. ಒಸಾಕಾದ ಟಿವಿಗೆ ಅತ್ತವರಲ್ಲಿ ಒಬ್ಬರಾದರೂ ಇವನ ಕಡೆ ತಿರುಗಿ ನೋಡಲಿಲ್ಲ. ಇವನ ಚಿತ್ರ ಬೆಚ್ಚಗಿಲ್ಲ ಅಲ್ವಾ.

ಇರಲಿ. ನಮ್ಮ ಅಟ್ಟದ ಮೇಲೂ ಒಂದು 29 ಇಂಚಿನದು ಇದೆ. ಬೇಕಾದವರು ಬಂದು ನೋಡಬಹುದು. ಹೊರಲು ಇಬ್ಬರನ್ನು ಕರೆದುಕೊಂಡೇ ಬನ್ನಿ, ಮೆಟ್ಟಿಲು ಕಿರಿದು. ರಿಮೋಟಿಗೆ ಬ್ಯಾಟರಿ ಮುಚ್ಚಳ ಇಲ್ಲ, ರಬ್ಬರ್ ಬ್ಯಾಂಡ್ ಇದೆ. ಸ್ಟೆಬಿಲೈಸರಿಗೆ ಬೇರೆ ರೇಟು.